ಬೊಟ್ಟಿನ ಕಡೆಗೆ ನೀಲಿ ಮುಚ್ಚಳ

ಕೊಟ್ಟೂರು
9 ಜುಲೈ 1998

ಹೂವಿನಹಡಗಲಿಯ ಸಮಸ್ತ ಮಹಾಜನಗಳೇ, ಮಲ್ಲಿಗೆ ವ್ಯಾಪಾರದ ಮಾನ್ಯ ಧುರೀಣರೇ, ಪಡಸಾಲೆಯ ಕಂಬಕ್ಕೆ ಒರಗಿ ಎಲೆ ಮಡಿಸುತ್ತಿರುವ ಸಭಾಧ್ಯಕ್ಷಿಣಿ ಬಸಲಿಂಗಮ್ಮನವರೇ, ಈ ಕಾಗದ ಒಡೆದು ಗಟ್ಟಿಯಾಗಿ ಓದುತ್ತಿರುವ ಅವರ ಸುಪುತ್ರ ಅರುಣಕುಮಾರರೇ, ಮತ್ತು ಹಿಂದಿನ ಸಾಲಿನಲ್ಲಿ ಹೂ ಕಟ್ಟುತ್ತ ಕುಳಿತ ನನ್ನ ತಂಗಿ ಸುಕನ್ಯಾ,

ತಮ್ಮ ಮನೆಗೆ ಬಂದ ಯಾವ ಕಾಗದವನ್ನೂ ಸಭೆ ಕೂಡಿಸಿಯೇ ಓದುವ ಪದ್ಧತಿ ಇರುವುದರಿಂದ ಸಭೆಗೇ ವಂದಿಸಿ ಆರಂಭಿಸುತ್ತೇನೆ. ಹಾರ ತುರಾಯಿ ನಿಮ್ಮಲ್ಲೇ ಬೆಳೆಯುತ್ತವೆ, ಅದಕ್ಕೆ ಬರವಿಲ್ಲ. ಆಪರೇಷನ್ ಮಾತಿನಲ್ಲಿ ಅಧ್ಯಕ್ಷಿಣಿಯವರಿಗೂ ನನಗೂ ಆದ ಜಗಳದ ನಂತರ ತಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ನಾನು ಅಂದುಬಿಟ್ಟಿರುವುದರಿಂದ ಈ ಭಾಷಣ ಅಂಚೆಯಲ್ಲಿ ಬರುತ್ತಿದೆ.

ಇಂದಿನ ವಿಷಯ: ಒಂದೂವರೆ ವರ್ಷದ ಕುಮಾರಿ ಶಾಂಭವಿಯ ಎರಡು ಕಣ್ಣು. ಹುಟ್ಟಿನಿಂದ ಇದ್ದ ಪೊರೆಯನ್ನು ಬೆಂಗಳೂರಿನಲ್ಲಿ ತೆಗೆದರು. ಪೊರೆಯ ಜೊತೆ ಒಳಗಿನ ಮಸೂರವೂ ಹೋಯಿತು. ಹೊಸದನ್ನು ಒಳಗೇ ಕೂರಿಸೋಣವೆಂದರೆ ಕಣ್ಣು ಇನ್ನೂ ಸಣ್ಣದು. ಆದ್ದರಿಂದ ಕಣ್ಣಗುಡ್ಡೆಯ ಮೇಲೆ ಕೂರುವ ಲೆನ್ಸ್. ಎರಡು ವರ್ಷ ತುಂಬುವುದರೊಳಗೆ ಆ ಕಣ್ಣುಗಳಿಗೆ ನೋಡುವುದು ರೂಢಿಯಾಗಬೇಕು, ತಪ್ಪಿದರೆ ಆಮೇಲೆ ಏನು ಹಾಕಿದರೂ ಮಂಜೇ, ಎಂದರು ಡಾಕ್ಟರು. ಬರುವ ಜನವರಿಗೆ ಎರಡು ತುಂಬುತ್ತದೆ. ಇದಿಷ್ಟು ಸಭೆಯ ಗಮನದಲ್ಲಿರಲಿ.

ಕಳೆದ ಭಾನುವಾರ ದಾವಣಗೆರೆಯ ಕನ್ನಡಕದಂಗಡಿಯಲ್ಲಿ ಲೆನ್ಸಿನ ಕಾಂತೇಶ್ ಹನ್ನೊಂದು ಜೋಡಿ ಹಾಕಿ ತೆಗೆದರು. ಮಗುವಿನ ಒಂದು ಕಣ್ಣು ಇನ್ನೊಂದಕ್ಕಿಂತ ತುಸು ಸಣ್ಣದಂತೆ, ಹಾಗಾಗಿ ಎರಡೂ ಲೆನ್ಸಿನ ಡೊಂಕು ಬೇರೆ ಬೇರೆ. ಹಳದಿ ಹನಿ ಹಾಕಿ ನೀಲಿ ದೀಪ ಹಿಡಿದು ಅವರು ನೋಡುತ್ತಿದ್ದರೆ ಮಗು ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಿತ್ತು. ಸುಕನ್ಯಾ, ನೀನು ಅದರ ತಲೆ ಹಿಡಿದು ಅಳುತ್ತಿದ್ದೆ. ಅವರು ಹೇಳಿದ್ದೆಲ್ಲವನ್ನೂ ಬರೆದುಕೊಂಡವನು ನಾನು. ಮೊದಲ ವಾರ ತೆಗೆಯುವ ಹಾಗಿಲ್ಲ. ಆಮೇಲೆ ದಿನಾ ಸಂಜೆ ತೆಗೆದು, ಡಬ್ಬಿಯ ನೀರಿನಲ್ಲಿಟ್ಟು, ಬೆಳಿಗ್ಗೆ ಹಾಕಬೇಕು. ಡಬ್ಬಿಗೆ ಎರಡು ಮನೆ, ಎರಡು ಮುಚ್ಚಳ: ಒಂದು ಕಣ್ಣಿನ ಲೆನ್ಸಿಗೆ ನೀಲಿ, ಇನ್ನೊಂದರದಕ್ಕೆ ಬಿಳಿ. ನೀಲಿಯದರ ಅಂಚಿಗೆ ಸಣ್ಣ ಗುರುತಿದೆ, ಸಂಜೆ ತೆಗೆದದ್ದನ್ನು ಅದು ನೋಡಿ ಅದರದರ ಮನೆಗೇ ಹಾಕಬೇಕು.

ಎಡ ಬಲ ಎಂದರೆ ನಿನಗೆ ಚಿಕ್ಕಂದಿನಿಂದ ಗೊಂದಲ. ಎದುರು ಕೂತು ಹಾಕುವಾಗ ನನ್ನ ಬಲವೋ ಕೂಸಿನ ಬಲವೋ ಎಂದು ಇನ್ನೂ ಗೊಂದಲ. ಆದ್ದರಿಂದ ಆ ಎರಡು ಪದಗಳನ್ನೇ ತೆಗೆದುಹಾಕಿದ್ದೇನೆ. ನನ್ನ ಕೈಯಿಂದಲೇ ಮರದಲ್ಲಿ ಕೆತ್ತಿ, ನನ್ನ ಪ್ರೆಸ್ಸಿನಲ್ಲೇ ಅಚ್ಚು ಹಾಕಿದ ಹಾಳೆ ಜೊತೆಗಿದೆ. ಶಾಂಭವಿಯ ಮುಖ, ಒಂದು ಕೆನ್ನೆಗೆ ದೃಷ್ಟಿಬೊಟ್ಟು, ಕೆಳಗೆ ಪದ್ಯ:

ಬೊಟ್ಟಿನ ಕಡೆಗೆ ನೀಲಿ ಮುಚ್ಚಳ,
ಬರಿಗೆನ್ನೆ ಕಡೆಗೆ ಬಿಳಿ ಮುಚ್ಚಳ;
ಕೈಯನು ತೊಳಿ, ಉಗುರು ಕತ್ತರಿಸು,
ಕಣ್ಣಿಗೆ ಬೆಳಕನು ಬಿತ್ತರಿಸು.

ಅಕ್ಷರ ಬಾರದವರೂ ಚಿತ್ರ ನೋಡಿ ಹಾಕಬಹುದು. ಸಭೆ ಚಪ್ಪಾಳೆ ತಟ್ಟಬಹುದು.

ಹಾಲೇಶಪ್ಪ


ಹೂವಿನಹಡಗಲಿ
25 ಜುಲೈ 1998

ಅಣ್ಣನಿಗೆ ಸುಕನ್ಯಾಳ ನಮಸ್ಕಾರಗಳು.

ಕಾಗದ ಮುಟ್ಟಿತು. ಅವರು ಓದಿದರು. ಅತ್ತೆಯವರಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ಹಾಳೆಯನ್ನು ಕನ್ನಡಿ ಪಕ್ಕ ಅಂಟಿಸಿದ್ದೇನೆ. ನೀನು ಕೆತ್ತಿದ ಮೂಗು ಥೇಟ್ ಶಾಂಭವಿಯದೇ. ದಿನಾ ಬೆಳಿಗ್ಗೆ ಚಿತ್ರದಲ್ಲಿದ್ದ ಕೆನ್ನೆಗೇ ಬೊಟ್ಟಿಟ್ಟು, ಆಮೇಲೆ ಲೆನ್ಸ್ ಹಾಕುತ್ತೇನೆ.

ಮೊದಲ ವಾರದ ಮಾತು ಹೇಳಲೇಬೇಕು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಗಾಡಿಗೆ ಕೈ ಚಾಚಿದಳು. ನಾನು ಬೆರಳು ಮಾಡಿ ತೋರಿಸಿರಲಿಲ್ಲ, ಗಾಡಿಯವನು ಕೂಗಿರಲೂ ಇಲ್ಲ. ಮನೆಗೆ ಬಂದ ಮೇಲೆ ಚಾಪೆ ಮೇಲೆ ಬಿದ್ದಿದ್ದ ಒಂದೇ ಒಂದು ಮೊಗ್ಗನ್ನು ಎರಡು ಬೆರಳಲ್ಲಿ ಎತ್ತಿದಳು. ಅವರು ತಕ್ಕಡಿ ಬಿಟ್ಟು ಓಡಿಬಂದು ನೋಡಿದರು. ಇನ್ನೊಂದು ಮೊಗ್ಗು ಹಾಕಿದರು, ಅದನ್ನೂ ಎತ್ತಿದಳು.

ಎರಡನೇ ವಾರದಿಂದ, ತೆಗೆದು ಹಾಕುವುದು ಶುರುವಾದ ಮೇಲೆ, ಸರಿ ಹೋಗುತ್ತಿಲ್ಲ. ಬೊಟ್ಟಿನ ಕಡೆಯ ಕಣ್ಣು ಮಧ್ಯಾಹ್ನದ ಹೊತ್ತಿಗೆ ಕೆಂಪಾಗುತ್ತದೆ, ಲೆನ್ಸ್ ಕಚ್ಚಿಕೊಂಡು ಕೂರುತ್ತದೆ, ತೆಗೆಯುವಾಗ ಚೀರುತ್ತಾಳೆ. ಇನ್ನೊಂದು ಕಡೆಯದು ನಿಲ್ಲುವುದೇ ಇಲ್ಲ, ಕಣ್ಣು ಮಿಟುಕಿಸಿದರೆ ಕೆನ್ನೆ ಮೇಲಿರುತ್ತದೆ. ಮೊನ್ನೆ ಒದ್ದೆ ಗೋಣಿತಾಟಿನ ಮೇಲೆ ಮೂರು ತಾಸು ಹುಡುಕಿದೆವು. ಅತ್ತೆಯವರು "ಗಾಜಿನ ಚೂರು ಹಸುಗೂಸಿನ ಕಣ್ಣಾಗ ಹಾಕೋ ತಾಯಿನ್ನ ನಾ ಎಲ್ಲೂ ಕಂಡಿಲ್ಲವ್ವ" ಅಂದರು. ಗಾಜಲ್ಲ ಎಂದೆ. ಮತ್ತೇನು ಎಂದು ಕೇಳಿದರು. ನನಗೂ ಗೊತ್ತಿಲ್ಲ.

ಅಳತೆಯೇ ತಪ್ಪಿದೆಯೇನೋ. ಕಾಂತೇಶ್ ಅವರಿಗೊಂದು ಕಾಗದ ಬರಿ.

ಸುಕನ್ಯಾ


ಕೊಟ್ಟೂರು
31 ಜುಲೈ 1998

ಮಾನ್ಯ ಸಭಿಕರೇ,

ದಾವಣಗೆರೆಗೆ ಬರೆದಿದ್ದೇನೆ. ಹನ್ನೊಂದು ಜೋಡಿ ಹಾಕಿ ನೋಡಿ ಹನ್ನೆರಡನೆಯ ತಪ್ಪನ್ನು ಕಟ್ಟಿ ಕಳಿಸಿದ ಆ ಮಹಾಶಯನಿಗೆ, ಚಪ್ಪಲಿ ಅಂಗಡಿಯವನಾದರೂ ಎರಡು ಹೆಜ್ಜೆ ನಡೆಸಿ ನೋಡುತ್ತಾನೆ, ಎಂದು ತಿಳಿಸಿದ್ದೇನೆ.

ಆದರೆ ಸಭೆಯ ಮುಂದೆ ನಮ್ಮ ಕಡೆಯ ಮಾತೂ ಆಗಬೇಕು. ಸುಕನ್ಯಾ, ನೀನು ಹೂ ಕಟ್ಟಿದ ಕೈಯನ್ನು ಸೆರಗಿಗೆ ಒರೆಸಿ ಹಾಗೆಯೇ ಹಾಕುತ್ತಿರಬಹುದು. ಹೈಸ್ಕೂಲಿಗೆ ಹೋಗುವಾಗ ಲಂಗಕ್ಕೆ ಮಸಿ ಒರೆಸುತ್ತಿದ್ದವಳು ನೀನು. ಉಗುರು ಬಿಡುವುದು ಬೇರೆ. ಹಾಳೆಯಲ್ಲಿ ಇದ್ದ ಹಾಗೆ ಮಾಡು, ಒಂದಕ್ಷರ ಆಚೀಚೆ ಆಗದ ಹಾಗೆ ಮಾಡು. ಅಚ್ಚಾದ ಮೇಲೆ ಅನುಮಾನವಿಲ್ಲ, ಅನುಮಾನವಿದ್ದರೆ ಅದು ಓದಿದವರಲ್ಲಿ, ನನ್ನಲ್ಲಿ ಅಲ್ಲ.

ಹಾಲೇಶಪ್ಪ


ಹೂವಿನಹಡಗಲಿ
8 ಸೆಪ್ಟೆಂಬರ್ 1998

ಅಣ್ಣಾ,

ನಿನ್ನ ಹಿಂದಿನ ಕಾಗದವನ್ನು ಅವರು ಗಟ್ಟಿಯಾಗಿ ಓದಿದರು. ಉಗುರಿನ ಸಾಲು ಬಂದಾಗ ಹೂ ಕಟ್ಟುವ ಹೆಂಗಸರೂ ನನ್ನ ಕೈ ನೋಡಿದರು. ಅತ್ತೆಯವರು ಆ ಸಾಲನ್ನು ಎರಡನೇ ಸಲ ಓದಿಸಿದರು. ಇನ್ನು ಮುಂದೆ ಬರೆಯುವುದಿದ್ದರೆ ಪಕ್ಕದ ಮನೆಯ ಪಂಪಮ್ಮ ಟೀಚರ ವಿಳಾಸಕ್ಕೆ ಬರಿ. ಅವರು ಒಡೆಯುವುದಿಲ್ಲ.

ಭಾನುವಾರ ದಾವಣಗೆರೆಗೆ ಹೋಗಿದ್ದೆವು. ಹೋಗಬಾರದಿತ್ತು. ಕಾಂತೇಶ್ ಅವರು ನಿನ್ನ ಕಾಗದ ತಲುಪಿದೆ ಎಂದಷ್ಟೇ ಹೇಳಿದರು, ಮುಖ ಗಂಟಾಗಿತ್ತು. ಡಬ್ಬಿ ಇಸಿದುಕೊಂಡು ತಮ್ಮ ಕೈಯಿಂದ ಹಾಕಿದರು. ಎರಡು ತಾಸು ಅಲ್ಲೇ ಕೂಡಿಸಿದರು. ಒಂದೂ ಬೀಳಲಿಲ್ಲ, ಕಣ್ಣು ಕೆಂಪಾಗಲಿಲ್ಲ. ಶಾಂಭವಿ ಅವರ ಅಂಗಿಯ ಗುಂಡಿ ಎಣಿಸುವವಳ ಹಾಗೆ ಒಂದೊಂದೇ ಮುಟ್ಟಿದಳು. "ಅಳತಿ ಸರಿ ಐತ್ರಿ. ಹಾಕೋದ್ರಾಗ ಏನೋ ತಪ್ಪಾಗಾಕತ್ತೈತಿ. ಒಂದು ಇನ್ನೊಂದು ಅದಲುಬದಲು ಮಾಡ್ತೀರೇನು?" ಎಂದು ಕೇಳಿದರು. ಇಲ್ಲ, ನಮ್ಮಲ್ಲಿ ಅಚ್ಚಿನ ಹಾಳೆ ಇದೆ, ಅದರ ಪ್ರಕಾರವೇ ಹಾಕುತ್ತೇನೆ ಎಂದೆ.

ಮನೆಗೆ ಬಂದು ಸಂಜೆ ತೆಗೆದು, ಮರುದಿನ ಬೆಳಿಗ್ಗೆ ನಾನು ಹಾಕಿದೆ. ಕೈಯನ್ನು ಸೋಪಿನಲ್ಲಿ ಮೂರು ಸಲ ತೊಳೆದಿದ್ದೆ. ಉಗುರನ್ನು ಹಿಂದಿನ ದಿನವೇ ರಕ್ತ ಬರುವ ಹಾಗೆ ಕತ್ತರಿಸಿದ್ದೆ. ಹತ್ತು ಗಂಟೆಗೆ ಒಂದು ಬಿತ್ತು. ಊಟದ ಹೊತ್ತಿಗೆ ಇನ್ನೊಂದು ಕಣ್ಣು ದಾಸವಾಳ.

ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ತಕ್ಕಡಿ ತೊಳೆಯುತ್ತ ತಣ್ಣಗೆ ಹೇಳಿದರು: "ಅವ್ರು ಹಾಕಿದ್ರ ನಿಲ್ತೈತಿ, ನೀ ಹಾಕಿದ್ರ ಬೀಳ್ತೈತಿ. ಇನ್ನ ಯಾರ್ನ ಕೇಳಾಕ ಹೋಗ್ಲಿ ನಾ?"

ಇದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ಬರಿ. ಪದ್ಯ ಬೇಡ.

ಸುಕನ್ಯಾ


ಕೊಟ್ಟೂರು
15 ಸೆಪ್ಟೆಂಬರ್ 1998

ಸುಕನ್ಯಾ,

ಓದಿ ಮೈಯೆಲ್ಲ ಉರಿಯಿತು. ಬೆಳಿಗ್ಗೆಯಿಂದ ಮೂರು ಗಿರಾಕಿಗಳ ಮೇಲೆ ಹರಿಹಾಯ್ದಿದ್ದೇನೆ. ಹೊಳಲಿನಿಂದ ಗೃಹಪ್ರವೇಶದ ಪತ್ರಿಕೆಗೆ ಬಂದಿದ್ದ ಸೋಮಪ್ಪ ಹಿಂದೆ ತಿರುಗಿ ನೋಡದೆ ಹೋದ.

ಮೊಗ್ಗು ತೂಗುವ ಗಂಡನಿಗೆ ಹೆಂಡತಿಯನ್ನೂ ತೂಗುವ ಅಧಿಕಾರ ಯಾರು ಕೊಟ್ಟರು? ತಾನು ಒಂದು ದಿನ ಹಾಕಿ ನೋಡಲಿ. ಆ ಎಲೆಅಡಿಕೆಯ ನ್ಯಾಯಾಧೀಶೆ ಹಾಕಲಿ. ನಿನ್ನ ಕೈಯಲ್ಲಿ ತಪ್ಪಿಲ್ಲ. ಆ ಕಾಂತೇಶನ ಕಣ್ಕಟ್ಟು ನನಗೆ ಗೊತ್ತಾಗಿದೆ: ಅಂಗಡಿಯಲ್ಲಿ ಏನೋ ಅಂಟಿನ ಹನಿ ಹಾಕಿ ಎರಡು ತಾಸು ನಿಲ್ಲಿಸುತ್ತಾನೆ, ನೀವು ಹರಪನಹಳ್ಳಿ ದಾಟುವವರೆಗೆ ಸಾಕು ಅವನಿಗೆ. ಇವತ್ತು ರಿಜಿಸ್ಟರ್ ಅಂಚೆಯಲ್ಲಿ ಹೀಗೆ ಶುರು ಮಾಡಿ ಎರಡು ಪುಟ ಬರೆದಿದ್ದೇನೆ:

ಬಿದ್ದರೆ ಬೀಳಲಿ ಎನ್ನುವ ಲೆನ್ಸು,
ಯಾರು ಕೊಟ್ಟರೋ ನಿನಗೆ ಲೈಸೆನ್ಸು?

ಹದಿನೈದು ದಿನದಲ್ಲಿ ಲಿಖಿತ ಉತ್ತರ ಕೊಡದಿದ್ದರೆ ಬಳ್ಳಾರಿಯ ಗ್ರಾಹಕರ ವೇದಿಕೆಗೆ ಎಳೆಯುತ್ತೇನೆ ಎಂದೂ ಸೇರಿಸಿದ್ದೇನೆ. ಅವನ ಉತ್ತರ ಬಂದ ದಿನವೇ ನಿನಗೆ ಬರೆಯುತ್ತೇನೆ.

ನೀನು ಹಾಳೆ ಬಿಡಬೇಡ. ಅದೊಂದೇ ನಿನ್ನ ಸಾಕ್ಷಿ.

ಅಣ್ಣ


ಹೂವಿನಹಡಗಲಿ
22 ಅಕ್ಟೋಬರ್ 1998

ಅಣ್ಣಾ,

ಉತ್ತರ ಬಂದ ದಿನವೇ ಬರೆಯುತ್ತೇನೆ ಎಂದು ನೀನು ಹೇಳಿದ್ದೆ. ಐದು ವಾರವಾಯಿತು. ದಸರಾ ಹೋಯಿತು, ದೀಪಾವಳಿ ಹೋಯಿತು. ಪಂಪಮ್ಮ ಟೀಚರ ಮುಖ ನೋಡಲಿಕ್ಕೆ ನನಗೆ ನಾಚಿಕೆ. ಅವರೇ ಹಿತ್ತಲಿಂದ ಕೈಯಾಡಿಸಿ, ಇಲ್ಲ, ಎನ್ನುತ್ತಾರೆ.

ಡಬ್ಬಿ ಈಗ ಅತ್ತೆಯವರ ಟ್ರಂಕಿನಲ್ಲಿದೆ. ಮಹಾನವಮಿಯ ದಿನ ಕಣ್ಣಿನಿಂದ ನೀರು ಸೋರಿ ರೆಪ್ಪೆ ಊದಿತ್ತು. ಇಲ್ಲಿನ ಡಾಕ್ಟರು ಹತ್ತು ದಿನ ಏನೂ ಹಾಕಬೇಡಿ ಎಂದರು. ಹತ್ತು ದಿನ ಕಳೆದ ಮೇಲೆ ಕೇಳಿದರೆ ಅತ್ತೆಯವರು ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಿನ್ನ ಕೈಗೆ ಕೊಡಂಗಿಲ್ಲ. ಇರೋ ಕಣ್ಣಾರ ಉಳೀಲಿ" ಎಂದರು. ದಪ್ಪ ಗಾಜಿನ ಕನ್ನಡಕ ಮಾಡಿಸಿದ್ದಾರೆ. ಮೂಗಿನ ಮೇಲೆ ನಿಲ್ಲುವುದಿಲ್ಲ, ಅವಳು ಕಿತ್ತು ಎಸೆಯುತ್ತಾಳೆ. ದಾರ ಕಟ್ಟಿದರೆ ದಾರವನ್ನೇ ಕಚ್ಚುತ್ತಾಳೆ. ಮಗುವನ್ನು ಹಗಲೆಲ್ಲ ಅವರೇ ಇಟ್ಟುಕೊಳ್ಳುತ್ತಾರೆ. ನನಗೆ ಹೂ ಕಟ್ಟುವ ಕೆಲಸ.

ಮೊನ್ನೆ ಒಂದು ಪರೀಕ್ಷೆ ಮಾಡಿದೆ. ಬಳೆ ಮೊಣಕೈವರೆಗೆ ಏರಿಸಿ, ಸದ್ದಾಗದ ಹಾಗೆ ಹೋಗಿ ಅವಳ ಎದುರಿಗೆ ಕೂತೆ. ಒಂದು ಮಾರು ದೂರ. ಅವಳು ನನ್ನ ಕಡೆಗೇ ಮುಖ ಮಾಡಿದ್ದಳು. ಬಹಳ ಹೊತ್ತು ಕೂತೆ. ನಾನಿದ್ದೇನೆಂದು ಅವಳಿಗೆ ತಿಳಿಯಲಿಲ್ಲ.

ಅದೇ ಮಗು ಜುಲೈನಲ್ಲಿ ಮೊಗ್ಗು ಎತ್ತಿತ್ತು. ಎಲ್ಲಿ ಏನು ಕೆಡಿಸಿದೆ ನಾನು? ಕೂತು ಕೂತು ನೆನಪು ಮಾಡುತ್ತೇನೆ. ಹಾಳೆಯ ಮುಂದೆ ನಿಂತು ಖಾಲಿ ಬೆರಳಿನಿಂದ ಹಾಕಿ ನೋಡುತ್ತೇನೆ. ಬೊಟ್ಟಿನ ಕಡೆಗೆ ನೀಲಿ. ಬರಿಗೆನ್ನೆಗೆ ಬಿಳಿ. ಸರಿಯಾಗಿಯೇ ಮಾಡಿದ್ದೇನಲ್ಲ.

ನಿನ್ನ ಹೊಸ್ತಿಲಿನ ಹಟ ಬಿಡು. ಒಂದು ಸಲ ಬಾ. ನೀನು ಹಾಕಿ ತೋರಿಸು. ನಿನ್ನ ಕೈಯಲ್ಲೂ ಬಿದ್ದರೆ ಅವರ ಬಾಯಿ ಮುಚ್ಚುತ್ತದೆ. ನಿನ್ನ ಕೈಯಲ್ಲಿ ನಿಂತರೆ ನಾನು ಬಾಯಿ ಮುಚ್ಚುತ್ತೇನೆ. ಜನವರಿಗೆ ಎಷ್ಟು ದಿನ ಉಳಿದಿವೆ ಎಂದು ನಿನಗೂ ಎಣಿಸಲು ಬರುತ್ತದೆ.

ಸುಕನ್ಯಾ


ಕೊಟ್ಟೂರು
5 ನವೆಂಬರ್ 1998

ಪ್ರೀತಿಯ ತಂಗಿಗೆ ಆಶೀರ್ವಾದಗಳು.

ತಡವಾಯಿತು. ಲಗ್ನಪತ್ರಿಕೆಗಳ ಕಾಲ, ಗಿರಾಕಿಗಳು ತಲೆ ಮೇಲೆ ಕೂತಿದ್ದಾರೆ. ಹಾಗಾಗಿ ಬರುವುದೂ ಸದ್ಯಕ್ಕೆ ಆಗದು. ಅದೂ ಅಲ್ಲದೆ ಆಡಿದ ಮಾತು ಆಡಿದ್ದು.

ಮುಖ್ಯ ವಿಷಯ. ನಾನು ಕೂಲಂಕಷ ವಿಚಾರಣೆ ಮಾಡಿದ್ದೇನೆ. ಅಂಗಡಿಯವರು ಮೊದಲ ದಿನವೇ ಡಬ್ಬಿಯ ಮುಚ್ಚಳಗಳನ್ನು ಅದಲುಬದಲು ಮಾಡಿ ಕೊಟ್ಟಿದ್ದಾರೆ. ನೀಲಿ ಇರಬೇಕಾದಲ್ಲಿ ಬಿಳಿ, ಬಿಳಿ ಇರಬೇಕಾದಲ್ಲಿ ನೀಲಿ. ಒಂದು ಕಣ್ಣಿನದು ಇನ್ನೊಂದಕ್ಕೆ ಹೋಗುತ್ತಿತ್ತು, ಅದಕ್ಕೇ ಒಂದು ಬೀಳುವುದು, ಇನ್ನೊಂದು ಕಚ್ಚುವುದು. ನಿನ್ನದೇನೂ ತಪ್ಪಿಲ್ಲ.

ಹೊಸ ಹಾಳೆ ಇಟ್ಟಿದ್ದೇನೆ. ಬೊಟ್ಟು ಈಗ ಇನ್ನೊಂದು ಕೆನ್ನೆಗೆ ಬಂದಿದೆ, ಅಷ್ಟೇ ಬದಲಾವಣೆ. ಹಳೆಯದನ್ನು ಗೋಡೆಯಿಂದ ಕಿತ್ತು ಒಲೆಗೆ ಹಾಕು, ಎರಡೂ ಇದ್ದರೆ ಗೊಂದಲ. ಡಬ್ಬಿಯನ್ನು ಹೇಗಾದರೂ ಮಾಡಿ ಇಸಿದುಕೊಂಡು ಒಂದು ದಿನ ಹಾಕಿ ನೋಡು. ಬೇಗ ನೋಡು.

ಅಣ್ಣ


ಹೂವಿನಹಡಗಲಿ
14 ನವೆಂಬರ್ 1998

ಅಣ್ಣಾ,

ನಿನ್ನ ಕಾಗದ ಓದಿ ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ. ನಾಲ್ಕು ತಿಂಗಳ ಮೇಲೆ ಒಬ್ಬರಾದರೂ ಕಾರಣ ಕೊಟ್ಟು ನನ್ನ ತಪ್ಪಿಲ್ಲ ಎಂದರು.

ಆದರೆ ಒಂದು ಮಾತು. ಮುಚ್ಚಳ ಬದಲಾಗಿದೆ ಎಂದು ನಿನಗೆ ಹೇಗೆ ತಿಳಿಯಿತು? ಡಬ್ಬಿ ಇಲ್ಲಿ ಟ್ರಂಕಿನಲ್ಲಿದೆ. ನೀನು ನೋಡಿಲ್ಲ. ಕಾಂತೇಶ್ ಅವರೇ ಬರೆದರೇ? ಬರೆದಿದ್ದರೆ ಆ ಕಾಗದ ಕಳಿಸು. ನನ್ನ ಬಾಯಿಮಾತಿಗೆ ಇಲ್ಲಿ ಯಾರೂ ಕೀಲಿಕೈ ಕೊಡುವುದಿಲ್ಲ. ಅವರದೇ ಅಕ್ಷರ ಇದ್ದರೆ ಕೊಡುತ್ತಾರೆ.

ಸುಕನ್ಯಾ


ಕೊಟ್ಟೂರು
21 ನವೆಂಬರ್ 1998

ಸುಕನ್ಯಾ,

ಹೌದು, ಅವನೇ ಬರೆದಿದ್ದಾನೆ. ಒಪ್ಪಿಕೊಂಡಿದ್ದಾನೆ. ಕಾಗದ ವಕೀಲರ ಕೈಯಲ್ಲಿದೆ, ವೇದಿಕೆಗೆ ಹಾಕುವ ಅರ್ಜಿಗೆ ಬೇಕು. ಅರ್ಜಿಯ ನಕಲು ಕಳಿಸುತ್ತೇನೆ, ಅದಕ್ಕೆ ನಿನ್ನ ಸಹಿ ಬೇಕಾಗುತ್ತದೆ.

ನೀನು ಇಷ್ಟು ಪ್ರಶ್ನೆ ಕೇಳುವ ಬದಲು ಲೆನ್ಸ್ ಹಾಕುವುದನ್ನು ನೋಡು. ಅಣ್ಣನ ಮಾತಿಗೂ ಸಾಕ್ಷಿ ಕೇಳುವ ಮನೆತನಕ್ಕೆ ಸೇರಿಬಿಟ್ಟೆಯಾ? ಈ ಕಾಗದವನ್ನೇ ತೋರಿಸು, ಸಾಕು.

ಹಾಲೇಶಪ್ಪ


ಹೂವಿನಹಡಗಲಿ
2 ಡಿಸೆಂಬರ್ 1998

ಅಣ್ಣಾ,

ನೀನು ಹೇಳಿದ ಹಾಗೆ ಎರಡೂ ಕಾಗದ ತೋರಿಸಿದೆ. ನಾನೇ ನಿಂತು ಓದಿದೆ, ಗಟ್ಟಿಯಾಗಿ. ಹೂ ಕಟ್ಟುವ ಹೆಂಗಸರನ್ನೂ ಕರೆದು ಕೂಡಿಸಿಕೊಂಡಿದ್ದೆ. ಉಗುರಿನ ಮಾತು ಕೇಳಿದವರೆಲ್ಲ ಇದನ್ನೂ ಕೇಳಲಿ ಎಂದು.

ಅವರು ಎರಡೂ ಕಾಗದ ಇಸಿದುಕೊಂಡು ತಾವೇ ಇನ್ನೊಮ್ಮೆ ಓದಿದರು. ಅತ್ತೆಯವರು ಎದ್ದು ಹೋಗಿ, ಶಾಂಭವಿಯನ್ನು ಎತ್ತಿ ತಂದು ನನ್ನ ತೊಡೆ ಮೇಲೆ ಇಟ್ಟರು. "ತಗೋಳವ್ವ ನಿನ್ನ ಕೂಸಿನ್ನ" ಅಂದರು. ಅಷ್ಟೇ. ಅದಕ್ಕಿಂತ ಹೆಚ್ಚು ಅವರ ಬಾಯಲ್ಲಿ ಬರುವುದಿಲ್ಲ, ನನಗೂ ಬೇಕಿರಲಿಲ್ಲ.

ಈಗ ಮನೆಯ ಸಿಟ್ಟೆಲ್ಲ ದಾವಣಗೆರೆಗೆ ತಿರುಗಿದೆ. ಈ ಭಾನುವಾರ ಆ ಮನುಷ್ಯ ಅಂಗಡಿಯಲ್ಲಿ ಲೆನ್ಸ್ ಹಾಕಲು ಕೂರುವ ದಿನ. ನಮ್ಮ ಮನೆಯವರು ಮಾರ್ಕೆಟ್ಟಿನ ದುರುಗಣ್ಣನನ್ನೂ ಇನ್ನಿಬ್ಬರನ್ನೂ ಕಟ್ಟಿಕೊಂಡು ಬೆಳಗಿನ ಹೂವಿನ ಗಾಡಿಯಲ್ಲಿ ಹೊರಡುತ್ತಿದ್ದಾರೆ. ಡಬ್ಬಿಯನ್ನು ಅವನ ಮುಖಕ್ಕೆ ಎಸೆಯುವುದು, ಆಮೇಲೆ ಅಂಗಡಿಯಲ್ಲಿ ಏನು ಉಳಿಯುತ್ತದೋ ನೋಡುವುದು ಎಂದು ಮಾತಾಗಿದೆ. ದುರುಗಣ್ಣನ ಕೈ ನಿನಗೆ ಗೊತ್ತಲ್ಲ.

ಮೊದಲು ಹೊಸ ಹಾಳೆಯ ಹಾಗೆ ಒಂದು ಬೆಳಿಗ್ಗೆ ಹಾಕಿ ನೋಡೋಣ ಎಂದು ಕೇಳಿದೆ. "ಮುಚ್ಚಳಾನ ಬದ್ಲಿ ಮಾಡಿದವ ಒಳಗ ಏನೇನು ಬದ್ಲಿ ಮಾಡ್ಯಾನೋ. ಅವನ ಕೈಲಿಂದ ಬಂದದ್ದು ಇನ್ನ ನನ್ನ ಮಗಳ ಕಣ್ಣಿಗೆ ಮುಟ್ಟಂಗಿಲ್ಲ" ಎಂದರು. ನಾನು ಎರಡನೇ ಸಲ ಕೇಳಲಿಲ್ಲ. ನನಗೂ ಅದನ್ನು ಮುಟ್ಟಲು ಹೇಸಿಗೆಯಾಗಿದೆ. ಎರಡೂವರೆ ತಿಂಗಳು ನನ್ನ ಮಗಳನ್ನು ನನ್ನ ಕೈಯಿಂದಲೇ ಹಿಂಸೆ ಮಾಡಿಸಿದ ಆ ಮನುಷ್ಯ ಸೆಪ್ಟೆಂಬರ್‌ನಲ್ಲಿ ನನ್ನ ಎದುರಿಗೆ ಕೂತು, ನೀವೇ ಅದಲುಬದಲು ಮಾಡುತ್ತೀರೇನು ಎಂದು ಕೇಳಿದನಲ್ಲ. ತಪ್ಪು ಗೊತ್ತಿದ್ದೂ ಇನ್ನೊಬ್ಬರ ತಲೆಗೆ ಕಟ್ಟುವವರು ಎಂಥ ಹೊಟ್ಟೆಯಲ್ಲಿ ಹುಟ್ಟುತ್ತಾರೋ. ದುರುಗಣ್ಣ ಏನು ಮಾಡಿದರೂ ನಾನು ಅಯ್ಯೋ ಅನ್ನುವುದಿಲ್ಲ.

ಲೆನ್ಸ್ ಬೇಡ. ಕಂಡಷ್ಟು ಕಾಣಲಿ. ನನ್ನ ಬಳೆ ಸದ್ದಿಗೆ ತಿರುಗುತ್ತಾಳೆ, ಅಷ್ಟು ಸಾಕೆಂದುಕೊಳ್ಳುತ್ತೇನೆ.

ಅರ್ಜಿ ಕಳಿಸು. ಎರಡು ಕಡೆ ಬೇಕಾದರೂ ಸಹಿ ಮಾಡುತ್ತೇನೆ.

ಸುಕನ್ಯಾ


ಕೊಟ್ಟೂರು
4 ಡಿಸೆಂಬರ್ 1998
(ಬಸ್ಸಿನ ಚೌಡಣ್ಣನ ಕೈಯಲ್ಲಿ)

ಗೆ,
ಸನ್ಮಾನ್ಯ ಅಧ್ಯಕ್ಷರು,
ಜಿಲ್ಲಾ ಗ್ರಾಹಕರ ವೇದಿಕೆ, ಬಳ್ಳಾರಿ.

ಮಾನ್ಯರೇ,

ಹೂವಿನಹಡಗಲಿಯ ವಾಸಿ ಸುಕನ್ಯಾ ಕೋಂ ಅರುಣಕುಮಾರ್ ಆದ ನಾನು ಬಿನ್ನವಿಸಿಕೊಳ್ಳುವುದೇನೆಂದರೆ, ಸದರಿ ಎದುರುದಾರರು ನನ್ನ ಅಪ್ರಾಪ್ತ ಮಗಳಿಗೆ ಲೆನ್ಸ್ ಕೊಡುವ ಕಾಲಕ್ಕೆ ತಿಳಿದೂ ತಿಳಿದೂ ಮುಚ್ಚಳಗಳನ್ನು

ಇದನ್ನು ಮುಂದೆ ಬರೆಯಲಾರೆ.

ಅರುಣಕುಮಾರರೇ, ಈ ಕಾಗದವನ್ನು ಪಂಪಮ್ಮ ಟೀಚರ ವಿಳಾಸಕ್ಕೆ ಹಾಕಿಲ್ಲ. ನೀವು ಒಡೆದು ಓದಬೇಕೆಂದೇ ಮನೆಗೆ ಕಳಿಸಿದ್ದೇನೆ. ಬಸಲಿಂಗಮ್ಮನವರನ್ನು ಕೂಡಿಸಿಕೊಳ್ಳಿ, ಹೂ ಕಟ್ಟುವವರನ್ನೂ ಕರೆಯಿರಿ. ಭಾನುವಾರ ದಾವಣಗೆರೆಗೆ ಹೋಗಬೇಡಿ. ಹೋದರೂ ಮಗುವನ್ನು ತೋರಿಸಲು ಹೋಗಿ. ಡಬ್ಬಿಯನ್ನು ಸುಕನ್ಯಾಳ ಕೈಗೆ ಕೊಡಿ. ನೀಲಿ ಮುಚ್ಚಳದ ಲೆನ್ಸ್ ಮಗುವಿನ ಬಲಗಣ್ಣಿಗೆ. ಅಂದರೆ ಮಗು ಅನ್ನ ತಿನ್ನುವ ಕೈಯ ಕಡೆಯ ಕಣ್ಣಿಗೆ. ಮೊದಲ ದಿನದಿಂದ ಅದು ಹಾಗೆಯೇ ಇತ್ತು. ಕಾಂತೇಶ್ ಯಾವ ಮುಚ್ಚಳವನ್ನೂ ಬದಲಿಸಿಲ್ಲ. ಒಪ್ಪಿಕೊಂಡ ಕಾಗದ ಇಲ್ಲ. ವಕೀಲರೂ ಇಲ್ಲ.

ತಪ್ಪು ಹಾಳೆಯಲ್ಲಿತ್ತು. ಅಚ್ಚಿಗೆ ಕೆತ್ತುವಾಗ ಎಲ್ಲವನ್ನೂ ತಿರುವಿ ಕೆತ್ತಬೇಕು, ಮರದ ಮೇಲೆ ಎಡಕ್ಕಿದ್ದದ್ದು ಕಾಗದದ ಮೇಲೆ ಬಲಕ್ಕೆ ಬರುತ್ತದೆ. ಪ್ರೆಸ್ಸಿಗೆ ಬಂದ ಮೊದಲ ದಿನ ಕಲಿಸುವ ಪಾಠ ಅದು. ಇಪ್ಪತ್ತೆರಡು ವರ್ಷ ಅದರದೇ ಅನ್ನ ತಿಂದು ಬದುಕಿದ್ದೇನೆ. ಆ ದಿನ ಮೂಗು ಚೆನ್ನಾಗಿ ಬರಲಿ ಎನ್ನುವುದರಲ್ಲೇ ಮುಳುಗಿ, ಬೊಟ್ಟನ್ನು ಕಣ್ಣಿಗೆ ಕಂಡ ಹಾಗೆ ಬಲಗೆನ್ನೆಗೇ ಕೆತ್ತಿದೆ. ಅಚ್ಚಿನಲ್ಲಿ ಅದು ಎಡಗೆನ್ನೆಗೆ ಬಂತು. ಸುಕನ್ಯಾ ನಾನು ಹೇಳಿದ ಹಾಗೆ, ಒಂದಕ್ಷರ ಆಚೀಚೆ ಆಗದ ಹಾಗೆ, ದಿನಾ ತಪ್ಪು ಕಣ್ಣಿಗೆ ಹಾಕಿದಳು.

ಕಾಂತೇಶರ ಉತ್ತರ ಬಂದದ್ದು ಸೆಪ್ಟೆಂಬರ್ 19ಕ್ಕೆ. ನನ್ನ ಬೈಗುಳಕ್ಕೆ ಒಂದು ಮಾತೂ ಮರಳಿ ಆಡದೆ, ದಯವಿಟ್ಟು ಆ ಹಾಳೆಯನ್ನು ಒಮ್ಮೆ ನೋಡಿ ಎಂದು ಮೂರು ಸಾಲು ಬರೆದಿದ್ದರು. ನೋಡಿದೆ. ಆ ಕ್ಷಣವೇ ತಿಳಿಯಿತು. ಕೊಟ್ಟೂರಿನಿಂದ ಹಡಗಲಿಗೆ ದಿನಕ್ಕೆ ಎಷ್ಟು ಬಸ್ಸಿವೆ ಎಂದು ನನಗೆ ಬಾಯಿಪಾಠ. ಹತ್ತಲಿಲ್ಲ. ಅಚ್ಚಿನ ಹಾಲೇಶಪ್ಪ ಬೊಟ್ಟನ್ನು ತಿರುವಲು ಮರೆತ ಎಂದು ನಿಮ್ಮ ಪಡಸಾಲೆಯಲ್ಲಿ ನಗುತ್ತೀರಿ ಎಂಬುದೊಂದೇ ಕಾರಣ. ಬೇರೆ ಯಾವ ಕಾರಣವೂ ಇರಲಿಲ್ಲ.

ಸುಕನ್ಯಾ, ನಿನ್ನ ಮಗಳು ನಿನ್ನ ಗುರುತು ಹಿಡಿಯಲಿಲ್ಲ ಎಂಬ ಕಾಗದ ನನ್ನ ಕೈಗೆ ಬಂದಾಗ ನನಗೆ ಗೊತ್ತಾಗಿ ತಿಂಗಳ ಮೇಲಾಗಿತ್ತು. ಅದನ್ನು ಓದಿ ಮಡಿಸಿ ಗಲ್ಲಾಪೆಟ್ಟಿಗೆಯಲ್ಲಿಟ್ಟೆ. ಆಮೇಲೆ ಹನ್ನೊಂದು ದಿನ ಕೂತು, ಒಂದು ಸುಳ್ಳನ್ನು ಚೆನ್ನಾಗಿ ಜೋಡಿಸಿದೆ.